ಎಂಜಿನ್ ಬಿಚ್ಚಬೇಕಂತೆ!

ನಮ್ಮ ಕಡೆ ನಾಲ್ಕು ಜನ ಶಿಕ್ಷಕರು ಒಂದೆಡೆ ಕೂತರೆ ಮಾತು ಯಾವ ದಾರಿ ಹಿಡಿಯುತ್ತದೆ ಅಂತ ಗೊತ್ತಿದ್ದದ್ದೇ. ಮೊದಲು ಹಳೆ ಪೆನ್ಶನ್, ಆಮೇಲೆ ಬದಲಿ, ಚಹಾ ಬರುವ ಹೊತ್ತಿಗೆ ಗಾಡಿ. ಮೊದಲಿನ ಎರಡರ ಬಗ್ಗೆ ಎಲ್ಲರದ್ದೂ ಒಂದೇ ಮಾತು, ಹಾಗಾಗಿ ಬೇಗ ಮುಗಿಯುತ್ತದೆ. ಗಾಡಿಯ ವಿಷಯ ಮಾತ್ರ ಮುಗಿಯುವುದೇ ಇಲ್ಲ! ಕೇಂದ್ರದ ಶಿಕ್ಷಣ ಪರಿಷತ್ತಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆಗೆದ ಕೂಡಲೇ ಶುರು. "ಮುಂಜಾನೆ ಲಗೂನ ಸ್ಟಾರ್ಟ್ ಆಗಂಗಿಲ್ರಿ." "ನಮ್ಮದು ಗರಂ ಆಗ್ತದ." "ಪಿಕಪ್ಪೇ ಇಲ್ಲ." "ಅವರೇಜ್ ಬಿದ್ದದ." "ಮಿಸಿಂಗ್ ಹೊಡಿಲಾಕತ್ತದ." ಹೊಸ ಕಾರು ಕೊಂಡವರು ಸುಮ್ಮನೆ ಕೇಳುತ್ತ ಕೂಡುತ್ತಾರೆ. ಅವರದು ಇನ್ನೂ ಕಂತಿನ ಚಿಂತೆ, ಎಂಜಿನ್ನಿನ ಚಿಂತೆಯಲ್ಲ.

ಹತ್ತು ಹನ್ನೆರಡು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರು ಇಟ್ಟವರ ದೂರುಗಳು ಸುತ್ತಿ ಸುತ್ತಿ ಇಷ್ಟೇ. ಆದರೆ ಈ ಐದಾರು ಬೇರೆ ಬೇರೆ ದೂರುಗಳು ಗ್ಯಾರೇಜಿನ ಒಳಗೆ ಹೋಗಿ ಒಂದೇ ವಾಕ್ಯವಾಗಿ ಹೊರಗೆ ಬರುವುದುಂಟು: "ಎಂಜಿನ್ ಬಿಚ್ಚಬೇಕು." ಡಾಕ್ಟರು "ಆಪರೇಶನ್ ಮಾಡಬೇಕು" ಅಂದಂತೆ. ಕೇಳಿದವರು ಮುಂದೆ ಏನೂ ಕೇಳುವುದಿಲ್ಲ, ಎಷ್ಟಾಗುತ್ತದೆ ಅಂತ ಮಾತ್ರ ಕೇಳುತ್ತಾರೆ. ನಮಗೂ ಆ ಮಾತು ಹೇಳಿದರು. ನಾವು ಬಿಚ್ಚಿಸಲಿಲ್ಲ. ಯಾಕೆ ಬಿಚ್ಚಿಸಲಿಲ್ಲ, ಬಿಚ್ಚದೆಯೇ ಏನು ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥದೇ ಗಾಡಿಯಲ್ಲಿ ಶಾಲೆಗೆ ಹೋಗುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ.

'ನಾವು' ಅಂದರೆ ನಾಲ್ವರು. ಅಕ್ಕಲಕೋಟದಲ್ಲಿ ಮನೆ, ಗಡಿ ಕಡೆಯ ಹಳ್ಳಿಗಳಲ್ಲಿ ನೌಕರಿ. ಇಬ್ಬರು ಒಂದು ಶಾಲೆಯವರು, ಇನ್ನಿಬ್ಬರು ಅಕ್ಕೋರು ಅದೇ ದಾರಿಯಲ್ಲಿ ಮೂರು ಕಿಲೋಮೀಟರ್ ಹಿಂದಿನ ಊರಿನ ಶಾಲೆಯವರು. ಎರಡೂ ಕನ್ನಡ ಮಾಧ್ಯಮ, ಎರಡೂ ಇಬ್ಬಿಬ್ಬರು ಶಿಕ್ಷಕರ ಶಾಲೆ. ಮನೆಯಿಂದ ಕೊನೆಯ ಶಾಲೆಗೆ ಹನ್ನೊಂದು ಕಿಲೋಮೀಟರ್. ನಮ್ಮ ಹಿರಿಯರಿಗೆ, ಅಂದರೆ ಮುಖ್ಯಾಧ್ಯಾಪಕರಿಗೆ, ನಿವೃತ್ತಿಗೆ ಸ್ವಲ್ಪೇ ದಿನ ಉಳಿದಿದೆ. ಸೊಂಟದ ತೊಂದರೆಯಿಂದ ಡಾಕ್ಟರು ಮೋಟಾರ್ ಸೈಕಲ್ ಬಿಡಿಸಿದ್ದಾರೆ. ಹಾಗಾಗಿ 2024ರ ಜೂನಿನಲ್ಲಿ, ಶಾಲೆ ಶುರುವಾಗುವ ವಾರ, ನಾಲ್ವರೂ ಕೂಡಿ 2008ರ ಮಾಡೆಲಿನ ಒಂದು ಸಣ್ಣ ಕಾರು ಕೊಂಡೆವು. ಮೂರು ಸಿಲಿಂಡರು, ಪೆಟ್ರೋಲು. ಹದಿನೈದು ವರ್ಷ ತುಂಬಿದ ಮೇಲಿನ ನೋಂದಣಿ ನವೀಕರಣವನ್ನು ಮೊದಲಿನ ಮಾಲೀಕರೇ ಮಾಡಿಸಿದ್ದರು. (2022ರ ಏಪ್ರಿಲ್‌ನಿಂದ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, ಅದೊಂದು ನಮಗೆ ಉಳಿಯಿತು.) ಕಂಪನಿಯ ಹೆಸರು ಬೇಡ. ಹದಿನಾರು ವರ್ಷ ಓಡಿದ ಗಾಡಿಯ ತೊಂದರೆಗೆ ಅದನ್ನು ಮಾಡಿದವರನ್ನು ಬೈದು ಏನು ಫಲ?

ಆದರೆ ಆ ಜಾತಿಯ ಎಂಜಿನ್ನನ್ನು ನಮ್ಮ ದೇಶಕ್ಕೆ ಪರಿಚಯಿಸಿದ ಕಾರಿನ ಹೆಸರು ಹೇಳಲೇಬೇಕು. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಗಾಡಿಯ ಕೀಲಿಕೈಯನ್ನು ಇಂದಿರಾ ಗಾಂಧಿಯವರು ದಿಲ್ಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. 796 ಸಿ.ಸಿ., ಮೂರು ಸಿಲಿಂಡರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಲ್ಲುವ ತನಕ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಮೊದಮೊದಲು ಕಾರ್ಬುರೇಟರು, 2000ದ ಸುಮಾರಿಗೆ ಎಂ.ಪಿ.ಎಫ್.ಐ. ಅಂದರೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಸೂಜಿಬಾಯಿಯಿಂದ ಪೆಟ್ರೋಲು ಚಿಮ್ಮಿಸುವುದು, ಎಷ್ಟು ಚಿಮ್ಮಿಸಬೇಕು ಅಂತ ಒಂದು ಸಣ್ಣ ಕಂಪ್ಯೂಟರು ತೀರ್ಮಾನಿಸುವುದು. ಈ ಕಂಪ್ಯೂಟರಿನ ಮಾತು ಮುಂದೆ ಬರುತ್ತದೆ, ನೆನಪಿಡಿ.

ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿ ಸ್ವಲ್ಪ ನಡುಗುತ್ತದೆ. ಅದು ದೋಷವಲ್ಲ, ಹುಟ್ಟುಗುಣ. ನಾಲ್ಕರಂತೆ ಅದು ಸಮತೋಲನದಲ್ಲಿ ಕೂಡುವುದಿಲ್ಲ. ಒಂದು ಲೆಕ್ಕ ಮಾಡಿ ನೋಡಿ. ಗಾಡಿ ನಿಂತಾಗ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ಎರಡು ಸುತ್ತಿಗೆ ಒಂದು ಸಲ ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತಬೇಕು. ಅಂದರೆ ಒಂದಕ್ಕೆ 450, ಮೂರಕ್ಕೆ 1,350. ಇದರಲ್ಲಿ ಒಂದು ಪ್ಲಗ್ ಕೆಲಸ ಬಿಟ್ಟರೆ 1,350 ಹೋಗಿ 900 ಆಯಿತು. ನಾಲ್ಕು ಸಿಲಿಂಡರಿನ ಗಾಡಿ ನಾಲ್ಕರಲ್ಲಿ ಒಂದು ಪಾಲು ಕಳೆದುಕೊಂಡರೆ ನಮ್ಮದು ಮೂರರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ಸಣ್ಣ ಕಾರಿನವರೇ ಮಿಸಿಂಗ್ ಬಗ್ಗೆ ಹೆಚ್ಚು ಗೋಳಾಡುವುದಕ್ಕೆ ಇದೂ ಒಂದು ಕಾರಣ.

ಆ ಮಿಸಿಂಗನ್ನು ನಮಗಿಂತ ಮೊದಲು ಗುರುತಿಸಿದವನು ನಾಲ್ಕನೇ ಇಯತ್ತೆಯ ಒಬ್ಬ ಹುಡುಗ. ಅವರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಕಿವಿ ಪಳಗಿದೆ. ಆ ಸೆಪ್ಟೆಂಬರಿನಲ್ಲಿ ಒಂದು ದಿನ ಗಾಡಿ ಶಾಲೆಯ ಅಂಗಳಕ್ಕೆ ತಿರುಗುತ್ತಿದ್ದ ಹಾಗೆ ಓಡಿ ಬಂದು, "ಗುರುಜಿ, ಇವತ್ತ ಗಾಡಿ ಕುಂಟ್ಲಾಕತ್ತದ" ಅಂದ. ಕುಂಟುವುದು! ಎರಡು ಹೆಜ್ಜೆ ಸರಿ, ಮೂರನೆಯದು ತಪ್ಪು. ಮೂರು ಸಿಲಿಂಡರಿನ ಮಿಸಿಂಗಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಯಾವ ನಿಘಂಟಿನಲ್ಲಿ ಸಿಕ್ಕೀತು? ಸಂಜೆ ಪ್ಲಗ್ ಬಿಚ್ಚಿ ನೋಡಿದರೆ ಒಂದು ಕರಿ ಹಿಡಿದು ಕೂತಿತ್ತು. ಮೂರೂ ಪ್ಲಗ್ ಬದಲಿಸಿದೆವು, ಕುಂಟುವುದು ನಿಂತಿತು. ಆದರೆ ಪ್ಲಗ್ ಯಾಕೆ ಕರಿ ಹಿಡಿಯಿತು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜನವರಿಯಲ್ಲಿ.

ಸಪ್ಪಳದ ಮಾತು ಬಂತು, ಹೇಳಿಬಿಡುತ್ತೇವೆ. ಗ್ಯಾರೇಜಿಗೆ ಹೋದರೆ ಮೊದಲ ಪ್ರಶ್ನೆಯೇ "ಸಪ್ಪಳ ಹ್ಯಾಂಗ್ ಬರ್ತದ?" ಅಂತ. ಕನ್ನಡದವರಿಗೆ ಇಲ್ಲಿ ಬಡತನವಿಲ್ಲ. ವ್ಯಾಕರಣದ ತಾಸಿನಲ್ಲಿ ಅನುಕರಣಾವ್ಯಯ ಅಂತ ಕಲಿಸುತ್ತೇವಲ್ಲ, ಚಟಚಟ, ಧಗಧಗ, ಗುಳುಗುಳು, ಅದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಏರು ಹತ್ತುವಾಗ, ಕಾಲು ಒತ್ತಿದಾಗ ಮಾತ್ರ 'ಟಣಟಣ' ಅಂದರೆ ಅದು ನಾಕಿಂಗ್, ಪೆಟ್ರೋಲು ಸರಿಯಾದ ಹೊತ್ತಿಗೆ ಉರಿಯುತ್ತಿಲ್ಲ. ನಿಂತಲ್ಲಿ ಮೇಲಿನಿಂದ ಹಗುರಾಗಿ 'ಟಿಕ್ ಟಿಕ್ ಟಿಕ್' ಅಂದರೆ ಬಹುಮಟ್ಟಿಗೆ ಟ್ಯಾಪೆಟ್. ಮುಂಜಾನೆ ಶುರು ಮಾಡಿದಾಗ 'ಕೀಂಯ್' ಅಂತ ಕಿರುಚಿ ಸುಮ್ಮನಾದರೆ ಡೈನಮೋದ ಬೆಲ್ಟ್ ಸಡಿಲ. ಕೀಲಿ ತಿರುಗಿಸಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು 'ಜುಂಯ್' ಅನ್ನಬೇಕು, ಅದು ಟಾಕಿಯೊಳಗಿನ ಪೆಟ್ರೋಲ್ ಪಂಪು. ಆ ಸಪ್ಪಳವೇ ಇಲ್ಲದಿದ್ದರೆ ಎಷ್ಟು ಸೆಲ್ಫ್ ಹೊಡೆದರೂ ಬ್ಯಾಟರಿ ಖಾಲಿಯಾಗುತ್ತದೆ ಹೊರತು ಗಾಡಿ ಶುರುವಾಗುವುದಿಲ್ಲ. ಇನ್ನು ತಳದಿಂದ 'ಧಡಧಡ' ಅಂತ ಭಾರವಾದ ಸಪ್ಪಳ ಬಂತೋ, ಅಲ್ಲೇ ನಿಲ್ಲಿಸಿ ಎಳೆಸಿಕೊಂಡು ಹೋಗಬೇಕು. ಅದೊಂದು ನಿಜವಾಗಿ ಎಂಜಿನ್ ಬಿಚ್ಚುವ ಸಪ್ಪಳ.

ನಮ್ಮ ಗಾಡಿಗೆ ಡಿಸೆಂಬರಿನಲ್ಲಿ ಬಂದ ತೊಂದರೆಗೆ ಸಪ್ಪಳವೇ ಇರಲಿಲ್ಲ. ಸೊಲ್ಲಾಪುರ ಜಿಲ್ಲೆ ಅಂದರೆ ಬಿಸಿಲು ಅಂತ ಹೊರಗಿನವರು ತಿಳಿದಿರುತ್ತಾರೆ, ಬೆಳಗಿನ ಶಾಲೆಗೆ ಹೊರಟವರಿಗೇ ಇಲ್ಲಿನ ಥಂಡಿ ಗೊತ್ತು. ಮುಂಜಾನೆ ಸೈಲೆನ್ಸರಿನಿಂದ ಬಿಳಿ ಹೊಗೆ. ಅವರೇಜ್ ಲೀಟರಿಗೆ ಹದಿಮೂರು, ಅಂಥ ಗಾಡಿಗೆ ಬಹಳ ಕಡಿಮೆ. ಒಳಗೆ ಕೂತರೆ ಹಸಿ ಪೆಟ್ರೋಲಿನ ವಾಸನೆ. ಸರ್ವಿಸಿಂಗಿಗೆ ಅಂತ ದೊಡ್ಡ ಊರಿನ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಹುಡುಗ ಎಂಜಿನ್ ಮೇಲಿನ ಆಯಿಲ್ ಹಾಕುವ ಮುಚ್ಚಳ ತೆಗೆದು ತಿರುವಿ ತೋರಿಸಿದ. ಮುಚ್ಚಳದ ಒಳಗೆ ಬೆಣ್ಣೆಯ ಹಾಗೆ ಬಿಳಿ ಬಿಳಿ ಹತ್ತಿತ್ತು. ಮಾಲೀಕರು ಬಂದು ಒಂದು ಸಲ ನೋಡಿದರು. ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಆಯಿಲ್ ಕೂಡಿವೆ, ಬಿಳಿ ಹೊಗೆ ಅದಕ್ಕೇ. ಎಂಜಿನ್ ಬಿಚ್ಚಬೇಕು. ಹೆಡ್ ಬಾಗಿದ್ದರೆ ಅದನ್ನು ಸಮ ಮಾಡಿಸಬೇಕು, ರಿಂಗೂ ನೋಡಿಬಿಡೋಣ. ಒಟ್ಟು 22,000, ಹತ್ತು ದಿನ.

ನಾವು ಸುಮ್ಮನೆ ನಿಂತೆವು. ಯಾಕೆಂದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಸಿಲಿಂಡರುಗಳಿಗೂ ಅದರ ತಲೆಗೂ ನಡುವೆ ಇರುವ ಆ ತೆಳು ಹಾಳೆ ಒಡೆದರೆ ಆಗುವುದು ಹೀಗೆಯೇ: ನೀರು ಆಯಿಲಿಗೆ ಸೇರಿ ಮಜ್ಜಿಗೆಯಂತಾಗುತ್ತದೆ, ಸಿಲಿಂಡರಿಗೆ ಸೇರಿ ಬಿಳಿ ಹೊಗೆಯಾಗುತ್ತದೆ. ಪುಸ್ತಕದಲ್ಲೂ ಅದೇ ಇದೆ.

22,000 ರೂಪಾಯಿ ನಾಲ್ಕು ಪಾಲಾದರೆ 5,500. ಅದನ್ನು ಹೇಗೋ ಹೊಂದಿಸಬಹುದಿತ್ತು. ಹತ್ತು ದಿನ ಹೊಂದಿಸುವುದು ಹೇಗೆ? ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರು ಬಾರದಿದ್ದರೆ ನಾಲ್ಕು ಇಯತ್ತೆ ಒಬ್ಬರ ತಲೆಯ ಮೇಲೆ. ಬಸ್ಸು ಬರುವುದು ಒಂಬತ್ತೂವರೆಗೆ, ಬೆಳಗಿನ ಶಾಲೆ ಏಳೂವರೆಗೆ. ಹಿರಿಯರು ಷೇರ್ ಜೀಪಿನ ಹಿಂದಿನ ಹಲಗೆಯ ಮೇಲೆ ಕೂತು ಬರುವ ಸ್ಥಿತಿಯಲ್ಲಿಲ್ಲ. ಅದರ ಮೇಲೆ ಜನವರಿ ಅಂದರೆ ಕಬ್ಬಿನ ಹಂಗಾಮು. ತಾಂಡೆಯ ಮಕ್ಕಳಲ್ಲಿ ಕೆಲವರು ತಾಯಿತಂದೆಯ ಜೊತೆ ಗ್ಯಾಂಗಿಗೆ ಹೋಗಿರುತ್ತಾರೆ, ಉಳಿದವರನ್ನು ಮನೆಮನೆಗೆ ಹೋಗಿ ಕರೆದು ತರುವ ಕಾಲ ಅದು. "ಗುರುಜಿನೇ ಬಂದಿಲ್ಲಂತ" ಅನ್ನುವ ಮಾತು ಊರಲ್ಲಿ ಒಂದು ಸಲ ಹುಟ್ಟಿದರೆ ಸಾಕು, ಹಾಜರಿ ಮತ್ತೆ ಮೇಲೇಳುವುದು ಮಾರ್ಚಿಗೇ. ಕನ್ನಡ ಶಾಲೆಯ ಪಟ ಹೇಗಿದೆ ಅಂತ ನಿಮಗೆ ಬೇರೆ ಹೇಳಬೇಕೆ? ಎರಡು ಮಕ್ಕಳು ಆಚೆ ಹೋದರೂ ಲೆಕ್ಕಕ್ಕೆ ಬರುತ್ತದೆ.

ಹಿರಿಯರು ಒಂದೇ ಮಾತು ಹೇಳಿದರು. "ಸೊಂಟದ ಆಪರೇಶನ್ ಅಂದಾಗ ಮೂರು ಡಾಕ್ಟರಿಗೆ ತೋರಿಸೀವಿ. ಇದಕ್ಕ ಇನ್ನೊಬ್ಬರಿಗೆ ತೋರಸೂಣು."

ಇನ್ನೊಬ್ಬರು ಅಂದರೆ ಚಾಚಾ. ಅವರ ಗ್ಯಾರೇಜಿಗೆ ಬೋರ್ಡಿಲ್ಲ, ಬೇವಿನ ಗಿಡವೇ ಬೋರ್ಡು. ಅರವತ್ತು ದಾಟಿದ ವಯಸ್ಸು. ನಮ್ಮ ಜೊತೆ ಕನ್ನಡ, ಗಿರಾಕಿಯ ಜೊತೆ ಮರಾಠಿ, ಮೊಮ್ಮಗನ ಜೊತೆ ದಖನಿ. ನಾವು ಗ್ಯಾರೇಜಿನವರು ಹೇಳಿದ್ದನ್ನು ಹೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು. "ಅವರು ಏನಂದರು ಅದು ಬ್ಯಾಡ್ರಿ ಮಾಸ್ತರ್ರ. ಗಾಡಿ ಏನ್ ಮಾಡ್ತದ, ಅಷ್ಟ ಹೇಳ್ರಿ."

ಹೇಳಿದೆವು. ಅವರು ಬೋನೆಟ್ಟಿನ ಕಡೆ ನೋಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಟೆಂಪರೇಚರ್ ಕಾಟಾ ಎಲ್ಲಿ ನಿಂದರ್ತದ?" ಕಾಟಾ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಮುಂಜಾನೆ ಹನ್ನೊಂದು ಕಿಲೋಮೀಟರ್ ಹೋಗಿ ಶಾಲೆ ಮುಟ್ಟಿದರೂ ತಳದ ಗೆರೆ ಬಿಟ್ಟು ಒಂದು ಬೆರಳು ಮೇಲೇಳುತ್ತಿರಲಿಲ್ಲ. ಗಾಡಿ ಗರಂ ಆಗುವುದೇ ಇಲ್ಲವಲ್ಲ ಅಂತ ಅಕ್ಕೋರು ಇಬ್ಬರೂ ಮೆಚ್ಚಿಕೊಳ್ಳುತ್ತಿದ್ದರು.

ಚಾಚಾ ಆಯಿಲ್ ನೋಡುವ ಕಡ್ಡಿ ಎಳೆದು ಬಟ್ಟೆಗೆ ಒರೆಸಿ, ಮತ್ತೆ ಅದ್ದಿ ತೆಗೆದರು. ಆಯಿಲ್ ಕಪ್ಪಾಗಿತ್ತು, ಆದರೆ ಬರಿ ಆಯಿಲ್. ಮಜ್ಜಿಗೆ ಇಲ್ಲ. ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಗಾಡಿ ಶುರು ಮಾಡಿಸಿದರು. ಗ್ಯಾಸ್ಕೆಟ್ ಒಡೆದಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗಿ ಗುಳುಗುಳು ಅಂತ ಗುಳ್ಳೆ ಏಳಬೇಕು. ಏಳಲಿಲ್ಲ. ಪ್ಲಗ್ ಮೂರೂ ತೆಗೆದರು. ಒಂದು ಸಿಲಿಂಡರಿಗೆ ನೀರು ಹೋಗುತ್ತಿದ್ದರೆ ಅದರ ಪ್ಲಗ್ ಹಬೆಗೆ ತೊಳೆದಂತೆ ಶುಭ್ರ ಇರುತ್ತದಂತೆ. ನಮ್ಮವು ಮೂರೂ ಕರಿ. ಪ್ಲಗ್ ಜಾಗದಲ್ಲಿ ಗೇಜ್ ಇಟ್ಟು ಒತ್ತಡ ನೋಡಿದರು, ಮೂರೂ ಹೆಚ್ಚು ಕಡಿಮೆ ಸಮ. ಆಮೇಲೆ ಆ ಬಿಳಿ ಬೆಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ನಮ್ಮ ಮುಂದೆ ಹಿಡಿದರು. "ಇದು ಬ್ಯಾನಿ ಅಲ್ರಿ, ಬೆವರು."

ಬೆವರು! ನಾವು ಸಾಂದ್ರೀಕರಣ ಅಂತ ಕಲಿಸುತ್ತೇವೆ, ತಣ್ಣೀರಿನ ಸ್ಟೀಲ್ ಗ್ಲಾಸಿನ ಹೊರಗೆ ಹನಿ ಕೂಡುವುದನ್ನು ತೋರಿಸಿ. ಒಂದು ಲೀಟರ್ ಪೆಟ್ರೋಲು ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಹಬೆಯ ರೂಪದಲ್ಲಿ. ಅದರಲ್ಲಿ ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಥಂಡಿಯಲ್ಲಿ ಅದೇ ಬಿಳಿ ಹೊಗೆಯಾಗಿ ಕಾಣುತ್ತದೆ. ಸ್ವಲ್ಪ ಪಿಸ್ಟನ್ ರಿಂಗಿನ ಸಂದಿನಿಂದ ಕೆಳಗೆ ಆಯಿಲಿನ ಕಡೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆರಿ ಹೋಗುತ್ತದೆ. ಕಾಯದಿದ್ದರೆ ಅತಿ ತಣ್ಣಗಿನ ಜಾಗ, ಅಂದರೆ ಆ ಮುಚ್ಚಳದ ಒಳಮೈ ಹಿಡಿದು ಆಯಿಲ್ ಜೊತೆ ಕಡೆದು ಬೆಣ್ಣೆಯಾಗುತ್ತದೆ.

ಹಾಗಾದರೆ ಎಂಜಿನ್ ಯಾಕೆ ಕಾಯುವುದಿಲ್ಲ? ಚಾಚಾ ರೇಡಿಯೇಟರಿನ ಮೇಲಿನ ಪೈಪಿನ ಮೇಲೆ ನಮ್ಮ ಕೈ ಇಡಿಸಿದರು. ತಣ್ಣನೆ ಎಂಜಿನ್ ಶುರು ಮಾಡಿದರೆ ಆ ಪೈಪು ಬಹಳ ಹೊತ್ತು ತಣ್ಣಗೇ ಇರಬೇಕು, ಆಮೇಲೆ ಒಮ್ಮೆಲೆ ಸುಡಬೇಕು. ನಮ್ಮದು ಮೊದಲಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತ ಹೋಯಿತು. ಹತ್ತು ನಂಬರಿನ ಪಾನಾ ತೆಗೆದುಕೊಂಡು ಎರಡು ಬೋಲ್ಟ್ ಬಿಚ್ಚಿ ಆ ಪೈಪಿನ ಬುಡದ ಮುಚ್ಚಳ ಎತ್ತಿದರು. ಒಳಗೆ ಒಂದು ಥರ್ಮೋಸ್ಟಾಟ್ ವಾಲ್ ಇರಬೇಕಾಗಿತ್ತು. ಜಾಗ ಖಾಲಿ!

ಈ ವಾಲ್ ಒಂದು ಕಾವಲುಗಾರ. ಒಳಗೆ ಮೇಣ ತುಂಬಿದ ಸಣ್ಣ ಡಬ್ಬಿ. ನೀರು 80–88 ಡಿಗ್ರಿ ಕಾಯುವ ತನಕ ಬಾಗಿಲು ಮುಚ್ಚಿರುತ್ತದೆ, ನೀರು ಎಂಜಿನ್ ಒಳಗೇ ಸುತ್ತುತ್ತದೆ. ಕಾದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ, ನೀರು ತಣ್ಣಗಾಗಲು ರೇಡಿಯೇಟರಿಗೆ ಹೋಗುತ್ತದೆ. ಅದನ್ನು ಕಿತ್ತು ಬಿಸಾಡಿದರೆ ನೀರು ಯಾವಾಗಲೂ ರೇಡಿಯೇಟರಿನಲ್ಲೇ ತಿರುಗುತ್ತದೆ. ಚಳಿಗಾಲದ ಮುಂಜಾನೆ, ಸಣ್ಣ ದೂರ, ಎದುರು ಗಾಳಿ, ಎಂಜಿನ್ ಕಾಯುವುದೆಲ್ಲಿಂದ? ಇಲ್ಲಿ ಬರುತ್ತದೆ ಆ ಕಂಪ್ಯೂಟರಿನ ಮಾತು. ನೀರು ತಣ್ಣಗಿದೆ ಅಂತ ಸೆನ್ಸರ್ ಹೇಳಿದಷ್ಟೂ ಹೊತ್ತು ಅದು, ಎಂಜಿನ್ ಈಗ ತಾನೇ ಎದ್ದಿದೆ ಅಂತ ತಿಳಿದು, ಹೆಚ್ಚು ಪೆಟ್ರೋಲು ಚಿಮ್ಮಿಸುತ್ತಲೇ ಇರುತ್ತದೆ. ಅದಕ್ಕೇ ಅವರೇಜ್ ಹದಿಮೂರು, ಅದಕ್ಕೇ ಹಸಿ ವಾಸನೆ, ಅದಕ್ಕೇ ಪ್ಲಗ್ಗಿಗೆ ಕರಿ. ಸೆಪ್ಟೆಂಬರಿನ ಕುಂಟುವಿಕೆಯ ಬುಡವೂ ಇದೇ!

ವಾಲ್ ಯಾರು ತೆಗೆದರು? ಮೊದಲಿನ ಮಾಲೀಕರ ಕಾಲದಲ್ಲಿ ಯಾರೋ. ಯಾಕೆ ತೆಗೆದರು ಅನ್ನುವುದು ರೇಡಿಯೇಟರ್ ಕಳಚಿದಾಗ ಗೊತ್ತಾಯಿತು. ಕೊಳವೆಗಳ ಬಾಯಲ್ಲಿ ಬಿಳಿ ಹಕ್ಕಳೆ. ನಮ್ಮ ಭಾಗದ ಬೋರಿನ ನೀರಿನ ಗುಣ ನಿಮಗೆ ಗೊತ್ತೇ ಇದೆ, ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣ ಕೂಡುತ್ತದಲ್ಲ, ಅದೇ ಇಲ್ಲಿಯೂ. ವರ್ಷಗಟ್ಟಲೆ ಕೂಲಂಟ್ ಬದಲು ಬೋರಿನ ನೀರು ಸುರಿದರೆ ಗಡಸು ನೀರಿನ ಪಾಠ ರೇಡಿಯೇಟರಿನಲ್ಲೇ ನಡೆಯುತ್ತದೆ. ಕೊಳವೆ ಕಟ್ಟಿತು, ಬೇಸಿಗೆಯಲ್ಲಿ ಗಾಡಿ ಗರಂ ಆಯಿತು, "ವಾಲ್ ತೆಗೆದು ಬಿಡ್ರಿ, ನೀರು ಚಂದ ಓಡ್ತದ" ಅಂತ ಯಾರೋ ಅಂದರು. ಈ ಉಪಾಯ ನಮ್ಮ ಕಡೆ ಎಷ್ಟೋ ಗ್ಯಾರೇಜುಗಳಲ್ಲಿ ಇದೆ. ಜ್ವರ ಬಂತು ಅಂತ ಥರ್ಮಾಮೀಟರ್ ಒಡೆದ ಹಾಗಲ್ಲ, ಅದಕ್ಕಿಂತ ಒಂದು ಕೈ ಹೆಚ್ಚು. ಜ್ವರವೂ ಮುಚ್ಚಿಹೋಯಿತು, ಹೊಸ ಕಾಯಿಲೆಯೂ ಹುಟ್ಟಿತು. ಬೇಸಿಗೆಯ ರೋಗಕ್ಕೆ ಕೊಟ್ಟ ಔಷಧ ಚಳಿಗಾಲದಲ್ಲಿ ಇನ್ನೊಂದು ರೋಗದ ವೇಷ ಹಾಕಿಕೊಂಡು ಬಂದು, ಅದಕ್ಕೆ ಎಂಜಿನ್ನನ್ನೇ ಬಿಚ್ಚಬೇಕು ಅನ್ನುವ ತನಕ ಬಂದಿತ್ತು.

ಹೊಸ ವಾಲ್, ಹೊಸ ರೇಡಿಯೇಟರ್, ರೇಡಿಯೇಟರಿನ ಮುಚ್ಚಳ, ಕೂಲಂಟ್, ಆಯಿಲ್, ಫಿಲ್ಟರ್, ಚಾಚಾನ ಮಜೂರಿ ಎಲ್ಲ ಕೂಡಿ 5,400. ಶನಿವಾರ ಮಧ್ಯಾಹ್ನ ಬಿಟ್ಟು ರವಿವಾರ ಸಂಜೆ ತಂದೆವು. ಒಂದು ತಾಸೂ ಶಾಲೆ ತಪ್ಪಲಿಲ್ಲ. ಮುಚ್ಚಳದ ಮಾತು ಸಣ್ಣದಲ್ಲ. ಅದು ಪ್ರೆಷರ್ ಕುಕ್ಕರಿನ ಸೀಟಿಯಿದ್ದ ಹಾಗೆ. ಒಳಗೆ ಒತ್ತಡ ಹಿಡಿದಿಡುವುದರಿಂದ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರದ ತನಕ ತಡೆಯುತ್ತದೆ. ರಬ್ಬರು ಹೋದ ಮುಚ್ಚಳ ಅಂದರೆ ಸೀಟಿ ಇಲ್ಲದ ಕುಕ್ಕರು. ಕಾದ ಎಂಜಿನ್ನಿನ ಆ ಮುಚ್ಚಳಕ್ಕೆ ಕೈ ಹಚ್ಚಬೇಡಿ ಅಂತ ಮಕ್ಕಳಿಗೂ ಹೇಳಿ; ಗಾಡಿ ನಿಂತ ತಕ್ಷಣ ನೀರು ಹಾಕಲು ಹೋಗಿ ಮುಖ ಸುಟ್ಟುಕೊಂಡವರನ್ನು ನಾವು ನೋಡಿದ್ದೇವೆ.

ಉಳಿದ ದೂರುಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ನಿಂತಲ್ಲಿ ಎಂಜಿನ್ ಏರುತ್ತ ಇಳಿಯುತ್ತ ಉಸಿರಾಡಿದಂತೆ ಮಾಡಿದರೆ ಗಾಳಿ ಹೋಗುವ ಥ್ರಾಟಲ್ ಬಾಯಿಗೆ ಹೊಲಸು ಕೂತಿರುತ್ತದೆ, ತೊಳೆದರೆ ಸಾಕು. ಪಿಕಪ್ ಇಲ್ಲ ಅಂದವರು ಮೊದಲು ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ, ನಮ್ಮ ದಾರಿಗಳ ಧೂಳು ಅಲ್ಲಿರುತ್ತದೆ. ಹೊಗೆಯ ಬಣ್ಣ ನೋಡಲು ಕಲಿಯಿರಿ: ಕಪ್ಪು ಅಂದರೆ ಪೆಟ್ರೋಲು ಹೆಚ್ಚು, ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಅಂದರೆ ನೀರು, ಗಾಡಿ ಕಾದ ಮೇಲೂ ಬಿಳಿ ನಿಲ್ಲದಿದ್ದರೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಆಗ ಗ್ಯಾಸ್ಕೆಟ್ ಬಗ್ಗೆ ಚಿಂತೆ ಮಾಡಿ.

ಈಗ ಎಲ್ಲರ ಬಾಯಲ್ಲಿರುವುದು ಇ20. 2025ರಲ್ಲಿ ದೇಶದ ತುಂಬ ಪಂಪುಗಳಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲು ಬಂತು. 2023ರ ಏಪ್ರಿಲ್‌ನಿಂದ ಬರುವ ಕಾರುಗಳ ರಬ್ಬರು ಪೈಪುಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ, ನಮ್ಮ 2008ರದ್ದು ಹಾಗಲ್ಲ. ಅವರೇಜಿನ ಲೆಕ್ಕ ಏಳನೇ ಇಯತ್ತೆಯ ಮಕ್ಕಳೂ ಮಾಡಬಲ್ಲರು: ಎಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ, ಅದು ಇರುವುದು ನೂರಕ್ಕೆ 20, ಅಂದರೆ ಬರಿ ಪೆಟ್ರೋಲಿಗೆ ಹೋಲಿಸಿದರೆ ನೂರಕ್ಕೆ ಆರೇಳು ಕಡಿಮೆ. ಅವರೇಜ್ ಅರ್ಧಕ್ಕೆ ಬಿತ್ತು ಅಂದರೆ ಅದು ಇ20ಯ ಕೆಲಸವಲ್ಲ, ಬೇರೆ ಏನೋ ಹುಡುಕಬೇಕು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೇ ಮೇ ರಜೆಯಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ಅರ್ಧ ಟಾಕಿಯಲ್ಲಿ ನಿಲ್ಲಿಸಬೇಡಿ ಅನ್ನುತ್ತಾರೆ ಚಾಚಾ. ನಮಗೆ ಇದರ ಬಗ್ಗೆ ಪೂರ್ತಿ ಬಯ್ಯಲು ಬಾಯಿ ಬರುವುದಿಲ್ಲ. ಸುತ್ತಲೂ ಸಕ್ಕರೆ ಕಾರಖಾನೆ ಇರುವ ಜಿಲ್ಲೆ ನಮ್ಮದು, ಪಾಲಕರಲ್ಲಿ ಅರ್ಧ ಜನ ಕಬ್ಬಿನವರು, ಟಾಕಿಯಲ್ಲಿ ಬೀಳುವುದರಲ್ಲಿ ಅವರ ಬೆವರೂ ಇದೆ. ಪೈಪುಗಳನ್ನು ಮಾತ್ರ ಆರು ತಿಂಗಳಿಗೊಮ್ಮೆ ಮುಟ್ಟಿ ನೋಡುತ್ತೇವೆ, ಬಿರುಕು ಇದೆಯೇ ಅಂತ.

ನಮ್ಮ ಗಾಡಿ ಆಮೇಲಿನ ಬೇಸಿಗೆ ದಾಟಿತು. ಏಪ್ರಿಲ್ ಕೊನೆಯ ರಣಬಿಸಿಲಿನಲ್ಲಿ, ಮಧ್ಯಾಹ್ನ ಒಂದೂವರೆಗೆ, ಕಾಟಾ ಸರಿಯಾಗಿ ಅರ್ಧಕ್ಕೆ ನಿಂತಿತ್ತು. ಅವರೇಜ್ ಹದಿನೇಳಕ್ಕೆ ಬಂದಿದೆ. ಇ20 ಹಾಕಿಯೂ ಹದಿನಾರರ ಕೆಳಗೆ ಇಳಿದಿಲ್ಲ. ಟ್ರ್ಯಾಕ್ಟರಿನ ಹುಡುಗ ಐದನೇ ಇಯತ್ತೆಗೆ ಬೇರೆ ಊರಿನ ಶಾಲೆಗೆ ಹೋದ, ಕನ್ನಡ ಮಾಧ್ಯಮಕ್ಕೇ ಹೋದ.

ಇನ್ನು ಉಳಿದಿರುವುದು ಟೈಮಿಂಗ್ ಬೆಲ್ಟ್. ಮೇಲೆ ಬರೆದ ಎಲ್ಲ ಸಪ್ಪಳಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಯಾಕೆಂದರೆ ಅದಕ್ಕೆ ಸಪ್ಪಳವಿಲ್ಲ. ರಬ್ಬರಿನ ಹಲ್ಲಿನ ಪಟ್ಟಿ, ಒಂದು ದಿನ ಸುಮ್ಮನೆ ಹರಿಯುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಆಗ ನಿಜವಾಗಿಯೂ ಬಿಚ್ಚಬೇಕು. ಕಿವಿಗೆ ಕೇಳದ್ದನ್ನು ಕಿಲೋಮೀಟರಿನ ಲೆಕ್ಕದಿಂದಲೇ ಬದಲಿಸಬೇಕು. ಮೊದಲಿನ ಮಾಲೀಕರು ಬದಲಿಸಿದ್ದಕ್ಕೆ ಯಾವ ಚೀಟಿಯೂ ಇಲ್ಲ. ನಮ್ಮ ನಾಲ್ವರ ಡಬ್ಬಿಯಲ್ಲಿ ತಿಂಗಳಿಗೆ ತಲಾ ಇನ್ನೂರು ಹಾಕುತ್ತಿದ್ದೇವೆ. ದೀಪಾವಳಿ ರಜೆಯ ಮೊದಲ ಸೋಮವಾರ ಗಾಡಿ ತರಬೇಕು ಅಂತ ಚಾಚಾ ಹೇಳಿದ್ದಾರೆ.